ಶಿವಯೋಗಿಯ ಹಾಜರಿ

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಭದ್ರಾವತಿಯ ಹಳೇನಗರದಲ್ಲಿ ಮುರುಗೇಶಪ್ಪನವರ ಮನೆಯ ಮುಂದೆ ಬುಲೆಟ್ಟುಗಳು ಬಂದು ಸಾಲಾಗಿ ನಿಂತವು. ಅಂಗಳ ಗುಡಿಸುತ್ತಿದ್ದ ಅವರ ಹೆಂಡತಿ ಕಾಶಮ್ಮನವರು ಪೊರಕೆ ಹಿಡಿದುಕೊಂಡೇ ಬಾಗಿಲಿಗೆ ಸರಿದರು.

ಬಂದವರೆಲ್ಲ ಸೈನ್ಯದಿಂದ ನಿವೃತ್ತರಾದವರು. ವರ್ಷಕ್ಕೊಮ್ಮೆ ಈ ದಿನ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಬರುವುದು ಅವರ ವಾಡಿಕೆ. ಹೋದ ವರ್ಷ ಅದೇ ಘಾಟಿಯ ತಿರುವಿನಲ್ಲಿ ಈ ಮನೆಯ ಒಬ್ಬನೇ ಮಗ, ಹವಾಲ್ದಾರ್ ಶಿವಯೋಗಿ, ಸತ್ತಿದ್ದ. ಈ ಸಲ ಅವನ ಮನೆಯಿಂದಲೇ ಹೊರಡಬೇಕೆಂದು ಗೆಳೆಯರು ನಿಶ್ಚಯಿಸಿದ್ದರು.

ಮುರುಗೇಶಪ್ಪನವರು ಲಿಂಗಪೂಜೆ ಮುಗಿಸಿ ಹೊರಗೆ ಬಂದರು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ.

"ಅಪ್ಪಾಜಿ, ಎಳ್ಳು ಬೀರೋಕೆ ಬಂದ್ರಾ?" ಎಂದು ನಕ್ಕ ನಾಯಕ್ ಭೈರಪ್ಪ. ಗುಂಪಿನಲ್ಲಿ ಅವನೇ ಕಿರಿಯ.

"ಮಗ ಹೋದ ಮನೇಲಿ ಎಳ್ಳೆಲ್ಲಿ ಬಂತು ಮಾರಾಯ? ನಿನ್ನ ಸೈಡ್ ಬಾಕ್ಸಲ್ಲಿ ಟವೆಲ್ ಸುತ್ತಿರೋದೇನು?"

ಭೈರಪ್ಪನ ನಗು ನಿಂತಿತು. ಗುಂಪಿನ ಹಿರಿಯ, ಸುಬೇದಾರ್ ಕಾಂತರಾಜ್, ತಾನೇ ಉತ್ತರಿಸಿದ. "ಕ್ಯಾಂಟೀನ್ ರಮ್ಮು ಅಪ್ಪಾಜಿ. ಶಿವಯೋಗಿ ಬಿದ್ದ ಜಾಗದಲ್ಲಿ ಮೊದಲ ಗುಟುಕು ನೆಲಕ್ಕೆ ಹಾಕ್ತೀವಿ. ಉಳಿದದ್ದು ನಮಗೆ. ಹಿಮದಲ್ಲಿ ಒಟ್ಟಿಗೆ ಕುಡಿದವರು ನಾವು. ಇದು ಅವನಿಗೆ ಕೊಡೋ ಮರ್ಯಾದೆ."

ಕಾಂತರಾಜ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಪಲ್ಟನ್ನಿನ ರೀತಿಯಲ್ಲಿ ಹಾಜರಿ ಕರೆಯತೊಡಗಿದ. ಸತ್ತ ಗೆಳೆಯನ ಹೆಸರು ಬಂದಾಗ ಉಳಿದವರೆಲ್ಲ ಒಟ್ಟಾಗಿ ಓಗೊಡುವುದು ಅವರ ಪದ್ಧತಿ.

"ಹವಾಲ್ದಾರ್ ಶಿವಯೋಗಿ!"

"ಹಾಜರ್!"

"ಸುಳ್ಳು," ಎಂದರು ಮುರುಗೇಶಪ್ಪನವರು. "ಹಾಜರಿದ್ರೆ ತೋರಿಸಿ. ಇವಳು ದಿನಾ ಬಾಗಿಲು ನೋಡ್ತಾಳೆ, ಇವಳಿಗಾದ್ರೂ ತೋರಿಸಿ. ಗೈರುಹಾಜರು ಅಂತ ಕೂಗಿ. ಯಾಕೆ ಅನ್ನೋದೂ ಹೇಳಿ."

"ಲಾರಿ ಅಡ್ಡ ಬಂತಲ್ಲ ಅಪ್ಪಾಜಿ, ಅದೇ..."

"ಹೆಣಕ್ಕೆ ಸ್ನಾನ ಮಾಡಿಸಿದವನು ನಾನು, ಸುಬೇದಾರ್ರೇ. ವಿಭೂತಿ ಹಚ್ಚೋಕೆ ಬಗ್ಗಿದಾಗ ಬಂದ ವಾಸನೆ ಲಾರೀದಲ್ಲ."

ಕಾಂತರಾಜನ ಮುಖ ಕೆಂಪಾಯಿತು. "ಗುಂಡಿಗೆ ಎದೆ ಕೊಟ್ಟು ಬಂದವನು ಅವನು. ಊರ ಮುಂದೆ ಅವನನ್ನ ಕುಡುಕ ಅನ್ನಬೇಕಾ? ನೀವು ತಂದೆ!"

"ತಂದೆ ಅಂತಲೇ ಕೇಳ್ತಿದೀನಿ. ಅಲ್ಲಿ ಮೇಲೆ, ಹಿಮದ ರಸ್ತೇಲಿ, ಕುಡಿದವನ ಕೈಗೆ ಟ್ರಕ್ ಕೊಡ್ತಿದ್ರಾ?"

"ಇಲ್ಲ."

"ಕೊಟ್ಟಿದ್ರೆ?"

"ಕೊಟ್ಟವನಿಗೂ ಶಿಕ್ಷೆ ಆಗ್ತಿತ್ತು."

"ಹೋದ ವರ್ಷ ಯಾರಿಗೆ ಆಯ್ತು?"

ಕಾಂತರಾಜ್ ನೆಲ ನೋಡಿದ. "ಚಳಿ ಇತ್ತು... ಎರಡೇ ಪೆಗ್ಗು, ಏನಾಗುತ್ತೆ ಅಂದ್ಕೊಂಡ್ವಿ."

ಮುರುಗೇಶಪ್ಪನವರು ಮೆಟ್ಟಿಲಿಳಿದು ಹೋಗಿ ಭೈರಪ್ಪನ ಬುಲೆಟ್ಟಿನ ಚಕ್ರಕ್ಕೆ ಅಡ್ಡ ನಿಂತರು. "ಆ ಬಾಟಲಿ ಈ ಬೀದಿ ದಾಟಲ್ಲ. ದಾಟಿಸಬೇಕಾದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗಿ. ಶಿವನೇ ಬಂದು ಹೇಳಿದ್ರೂ ನಾನು ಸರಿಯಲ್ಲ. ನಿನಗೂ ಮನೇಲಿ ತಾಯಿ ಇದಾಳೆ ಭೈರಪ್ಪ."

ಎದುರು ಮನೆಯವರು ಕಿಟಕಿಗೆ ಬಂದಿದ್ದರು. ಮುದುಕರು ಅಲುಗಲಿಲ್ಲ. ಭೈರಪ್ಪ ಬಹಳ ಹೊತ್ತು ಹ್ಯಾಂಡಲ್ ಹಿಡಿದು ನಿಂತು, ಕೊನೆಗೆ ಬಾಟಲಿಯನ್ನು ತೆಗೆದು ಜಗಲಿಯ ಅಂಚಿನಲ್ಲಿಟ್ಟ. ಕಾಶಮ್ಮನವರು ಅದನ್ನು ಕೈಯಿಂದ ಮುಟ್ಟಲಿಲ್ಲ. ಪೊರಕೆಯ ಹಿಡಿಯಿಂದ ಕೆಳಕ್ಕೆ ತಳ್ಳಿದರು. ಬಾಟಲಿ ಚರಂಡಿಯ ಕಲ್ಲಿಗೆ ಬಡಿದು ಒಡೆಯಿತು.

"ಇದೇ ವಾಸನೆ," ಎಂದರು. "ನನಗೂ ಬಂದಿತ್ತು."

ಮುರುಗೇಶಪ್ಪನವರು ಥಟ್ಟನೆ ಹೆಂಡತಿಯ ಕಡೆಗೆ ತಿರುಗಿದರು. ವರ್ಷವಿಡೀ ಅವರು ಒಬ್ಬರಿಂದೊಬ್ಬರು ಮುಚ್ಚಿಟ್ಟದ್ದು ಅದೊಂದನ್ನೇ.

ಕಾಂತರಾಜ್ ನೆಟ್ಟಗೆ ನಿಂತು ಮತ್ತೆ ಕರೆದ. "ಹವಾಲ್ದಾರ್ ಶಿವಯೋಗಿ!"

ಯಾರೂ ಓಗೊಡಲಿಲ್ಲ.

"ಗೈರುಹಾಜರು," ಎಂದ ಕಾಂತರಾಜ್. "ಕುಡಿದು ಗಾಡಿ ಓಡಿಸಿದ್ದಕ್ಕೆ. ನಾವು ಬಿಟ್ಟಿದ್ದಕ್ಕೆ."

ಮುರುಗೇಶಪ್ಪನವರು ಚಕ್ರದ ಮುಂದಿನಿಂದ ಪಕ್ಕಕ್ಕೆ ಸರಿದರು.

"ನಾಯಕ್ ಭೈರಪ್ಪ!"

"ಹಾಜರ್!"

ಆ ಕೂಗು ಬೀದಿಯ ಕೊನೆಯವರೆಗೂ ಕೇಳಿಸಿತು.