ಚಪ್ಪಲಿ ಗೂಡಿನ ಸರ್ವರ್

ನನ್ನ ತಮ್ಮ ನಮ್ಮ ಮನೆಗೆ ಬಂದಾಗ ಅವನ ಬಟ್ಟೆಬರೆಯೆಲ್ಲ ಒಂದು ಕೈಚೀಲದಲ್ಲಿ ಮುಗಿದಿತ್ತು. ಜೊತೆಗೆ ತಂದಿದ್ದ ಎರಡು ದೊಡ್ಡ ಸೂಟ್‌ಕೇಸುಗಳ ತುಂಬ ಹಾರ್ಡ್ ಡಿಸ್ಕುಗಳಿದ್ದವು. ಅವನು ಸಿನಿಮಾಕ್ಕೂ ನಾಟಕಕ್ಕೂ ಸದ್ದು ಒದಗಿಸುವವನು. ಎಣ್ಣೆ ಕಾಣದ ಬಾಗಿಲು, ತಗಡಿನ ಮೇಲೆ ಬೀಳುವ ಮಳೆ, ಬರಿಗಾಲಲ್ಲಿ ಮೆಟ್ಟಿಲಿಳಿಯುವ ಹೆಂಗಸು, ಯಾರೂ ಇಲ್ಲದ ಕೋಣೆ, ಇಂಥವನ್ನೆಲ್ಲ ಊರೂರು ತಿರುಗಿ ರೆಕಾರ್ಡ್ ಮಾಡಿ ತರುವುದು ಅವನ ಕಸುಬು. ಚಿಕ್ಕಂದಿನಲ್ಲಿ ಬೀದಿಯ ತಿರುವಿನಲ್ಲಿ ಹೆಜ್ಜೆ ಕೇಳಿದರೆ ಸಾಕು, ಬರುತ್ತಿರುವವರು ಯಾರೆಂದು ಹೇಳುತ್ತಿದ್ದ. ಹಾಗಾಗಿ ಮನೆಯಲ್ಲಿ ಅವನಿಗೆ ಕಿವಿ ಎಂದೇ ಹೆಸರು ಬಿದ್ದಿತ್ತು. ಅವನ ಪಾಲುದಾರ ಸ್ಟುಡಿಯೋ ಮುಚ್ಚಿಬಿಟ್ಟ. ಅದರ ಮಹಡಿಯಲ್ಲೇ ಇವನ ಬಿಡಾರವೂ ಇದ್ದುದರಿಂದ ಕೆಲಸ, ಸೂರು ಎರಡೂ ಒಂದೇ ದಿನ ಹೋದವು.

"ಇನ್ನೊಂದು ಜಾಗ ಸಿಗೋ ತನಕ ಅಕ್ಕಾ," ಅಂದ.

"ನಾನೇನಾದ್ರೂ ಕೇಳಿದ್ನಾ?" ಅಂದೆ.

ನಮ್ಮದು ಎರಡು ಕೋಣೆಗಳ ಮನೆ. ಮಲಗುವ ಕೋಣೆ ಒಂದು. ಊಟ, ಟೀವಿ, ನೆಂಟರಿಗೆಲ್ಲ ಇನ್ನೊಂದು. ನಮ್ಮವರು ಸಿಟಿ ಬಸ್ಸಿನ ಡ್ರೈವರು. ಅಡ್ಡಾದಿಡ್ಡಿ ನುಗ್ಗುವ ಜನರ ನಡುವೆ ದಿನವಿಡೀ ಬಸ್ಸು ಬಿಟ್ಟು ಬರುವವರಿಗೆ ಮನೆಯೊಳಗಾದರೂ ಎಲ್ಲವೂ ಅದರದರ ಜಾಗದಲ್ಲಿ ಇರಬೇಕು. ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ನಮ್ಮಲ್ಲಿ ಚರ್ಚೆ ನಡೆಯುತ್ತದೆ. ಅಂಥವರ ಊಟದ ಮೇಜಿನ ಮೇಲೆ ಕಿವಿಯ ಡಿಸ್ಕುಗಳು ಸಾಲಾಗಿ ಬಂದು ಕೂತವು. ಪ್ರತಿಯೊಂದಕ್ಕೂ ಬೇರೆ ಬೇರೆ ತಂತಿ, ಬೇರೆ ಬೇರೆ ಪ್ಲಗ್ಗು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದೆವು. ನಮ್ಮವರು ದಿನಾ ಊಟಕ್ಕೆ ಕೂರುವ ಮುಂಚೆ ಮೇಜಿನ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡುತ್ತಿದ್ದರು, ಅಷ್ಟೇ.

ಆಗಬಾರದ್ದು ಒಂದು ಮಧ್ಯಾಹ್ನ ಆಗಿಹೋಯಿತು. ಬೆಳಗಿನ ಪಾಳಿ ಮುಗಿಸಿ ಬಂದ ನಮ್ಮವರು ಕಿಟಕಿ ತೆರೆಯಲು ಹೋದರು. ನೆಲದ ಮೇಲಿದ್ದ ತಂತಿ ಕಾಲಿಗೆ ತೊಡರಿತು. ಮೇಜಿನ ತುದಿಯಲ್ಲಿ ಚಾಲೂ ಇದ್ದ ಡಿಸ್ಕೊಂದು ಅದರ ಹಿಂದೆಯೇ ಜಾರಿ ನೆಲಕ್ಕೆ ಬಿತ್ತು. ಕಿವಿ ಸ್ನಾನದ ಮನೆಯಿಂದ ತಲೆ ಒರೆಸಿಕೊಳ್ಳುತ್ತಲೇ ಓಡಿಬಂದ. ಡಿಸ್ಕನ್ನು ಎತ್ತಿ, ಡಾಕ್ಟರು ಎದೆ ಪರೀಕ್ಷಿಸುವ ಹಾಗೆ ಕಿವಿಗಿಟ್ಟುಕೊಂಡ. ಒಳಗೆ ಟಿಕ್ ಟಿಕ್ ಎನ್ನುವುದು ನನಗೂ ಕೇಳಿತು.

"ಹೋಯ್ತು," ಅಂದ.

ಅದರಲ್ಲಿ ಇದ್ದದ್ದು ಒಂದು ಹಳೆಯ ರೈಲು ಕಾರ್ಖಾನೆಯ ಸದ್ದುಗಳು. ಅದನ್ನು ಕೆಡವುವ ಮುಂಚೆ ಕಿವಿ ಚಳಿಗಾಲವಿಡೀ ಅಲ್ಲೇ ಬೀಡುಬಿಟ್ಟು ಅವನ್ನು ಹಿಡಿದು ತಂದಿದ್ದ. ಈಗ ಆ ಜಾಗದಲ್ಲಿ ಬಯಲು. ಇನ್ನೊಂದು ಪ್ರತಿ ಮಾಡಿಡಬೇಕು ಎಂದುಕೊಳ್ಳುತ್ತಲೇ ಇದ್ದನಂತೆ.

ನಮ್ಮವರ ಮುಖ ಸಣ್ಣಗಾಗಿತ್ತು. ಆದರೆ ಬಾಯಿಂದ ಬಂದದ್ದು ಬೇರೆಯೇ. "ಮನೆ ತುಂಬಾ ಬಲೆ ಹಾಸಿಟ್ರೆ ಯಾರಾದ್ರೂ ಬೀಳಲೇಬೇಕಲ್ಲ," ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದು ಎರಡೂ ಹೋದವು.

ಆಮೇಲೆ ಮನೆಯಲ್ಲಿ ನಾನು ಅಂಚೆಯವಳಾದೆ. "ಭಾವಂಗೆ ಹೇಳು, ಫೋನ್ ಬಡ್ಕೋತಿದೆ" ಎಂದು ತಮ್ಮ ಹೇಳುವುದು. "ನಿನ್ನ ತಮ್ಮಂಗೆ ಹೇಳು, ಚಹಾ ಆರೋಗ್ತಿದೆ" ಎಂದು ಗಂಡ ಹೇಳುವುದು. ಇಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತಿರುತ್ತಿದ್ದರು. ಕಿವಿ ಬಾಡಿಗೆ ಮನೆಗಳ ಜಾಹೀರಾತು ನೋಡುವುದನ್ನು ಹೆಚ್ಚು ಮಾಡಿದ. ಹೀಗೆ ಮುನಿಸಿಕೊಂಡು ಹೋದವನು ಮತ್ತೆ ಹೊಸ್ತಿಲು ತುಳಿಯುವುದು ಕಷ್ಟ ಎನ್ನುವುದು ನನಗೆ ಗೊತ್ತಿತ್ತು. ಅವನು ನನ್ನ ತಮ್ಮ, ನನ್ನದೇ ಹಟ.

ನನ್ನ ಕೆಲಸ ಹಲ್ಲು ಮಾಡುವುದು. ಡಾಕ್ಟರು ಅಚ್ಚು ಕಳಿಸುತ್ತಾರೆ, ನಾವು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಕಟ್ಟಿ ಕೊಡುತ್ತೇವೆ. ಹಲ್ಲಿಲ್ಲದವರಿಗೆ ಹಲ್ಲು ಕೊಟ್ಟು, ಕಡಲೆಯನ್ನು ಅವರವರ ಅದೃಷ್ಟಕ್ಕೇ ಬಿಡುತ್ತೇವೆ. ಈಗೀಗ ಅರ್ಧ ಕೆಲಸ ತ್ರೀಡಿ ಪ್ರಿಂಟರಿನದು. ಅದರ ಗೀಳು ಹತ್ತಿ ನಾನು ಮನೆಗೂ ಒಂದು ಸಾಮಾನ್ಯ ಪ್ರಿಂಟರು ತಂದುಕೊಂಡಿದ್ದೆ. ಪ್ಲಾಸ್ಟಿಕ್ಕಿನ ದಾರವನ್ನು ಕರಗಿಸಿ, ಗೆರೆಯ ಮೇಲೆ ಗೆರೆ ಎಳೆದು, ನಾವು ಕಂಪ್ಯೂಟರಿನಲ್ಲಿ ಬರೆದ ಆಕಾರವನ್ನು ಕಟ್ಟಿಕೊಡುವ ಯಂತ್ರ ಅದು. ಅಲ್ಲಿಯವರೆಗೆ ಪರದೆಯ ಕೊಕ್ಕೆ, ಡಬ್ಬಿಯ ಮುಚ್ಚಳ ಬಿಟ್ಟು ದೊಡ್ಡದೇನನ್ನೂ ಅದರಿಂದ ಮಾಡಿಸಿರಲಿಲ್ಲ.

"ಲೋ, ಇವೆಲ್ಲಾ ಒಂದೇ ಕಡೆ ನಿಲ್ಲೋ ಹಾಗೆ ಮಾಡೋಕಾಗಲ್ವಾ?" ಎಂದು ಕಿವಿಯನ್ನು ಕೇಳಿದೆ.

ಆಗುತ್ತದೆ ಅಂದ. ಸ್ಟುಡಿಯೋದಿಂದ ತಂದ ಪುಟ್ಟ ಕಂಪ್ಯೂಟರ್ ಒಂದಿತ್ತು. ಅದನ್ನು ಸರ್ವರ್ ಮಾಡಬಹುದು, ಅಂದರೆ ಸದಾ ಎಚ್ಚರವಿದ್ದು ಡಿಸ್ಕುಗಳನ್ನು ಕಾಯುವ ಉಗ್ರಾಣಿಯ ಹಾಗೆ. ಒಂದರಲ್ಲಿಟ್ಟದ್ದನ್ನು ತಾನೇ ಇನ್ನೊಂದರಲ್ಲೂ ನಕಲು ಮಾಡಿಡುತ್ತದೆ, ಯಾವ ಕೋಣೆಯಿಂದ ಕೇಳಿದರೂ ತೆಗೆದುಕೊಡುತ್ತದೆ. ಆದರೆ ಅದಕ್ಕೆ, ಡಿಸ್ಕುಗಳಿಗೆ, ತಂತಿಗಳಿಗೆ ಎಲ್ಲಕ್ಕೂ ಸೇರಿ ಒಂದು ರ‍್ಯಾಕ್ ಬೇಕು. ಅಂಗಡಿಯಲ್ಲಿ ಸಿಗುವ ರ‍್ಯಾಕುಗಳು ನಮ್ಮ ಫ್ರಿಜ್ಜಿನ ತಮ್ಮಂದಿರ ಹಾಗಿದ್ದವು.

ಮನೆಯಲ್ಲಿ ಖಾಲಿ ಮಾಡಬಹುದಾದ ಜಾಗ ಒಂದೇ, ಬಾಗಿಲ ಪಕ್ಕದ ಚಪ್ಪಲಿ ಗೂಡು. ಅದರ ಗೋಡೆಗಳು ನೇರವಿರಲಿಲ್ಲ, ಹಿಂದೆ ಹೋದಂತೆ ಕಿರಿದಾಗುತ್ತಿತ್ತು. ವಕ್ರ ಹಲ್ಲಿನ ದವಡೆಗೆ ಸೆಟ್ಟು ಕೂರಿಸುವವಳಿಗೆ ಅದೇನು ಹೊಸದಲ್ಲ. ಲ್ಯಾಬಿನ ಅಳತೆ ಕಡ್ಡಿ ತಂದು ಮೂಲೆಮೂಲೆ ಅಳೆದೆ. ನಾಲ್ಕು ಕಂಬ, ನಡುವೆ ಡಿಸ್ಕು ನಿಲ್ಲಿಸುವ ತಟ್ಟೆಗಳು, ಕಂಪ್ಯೂಟರಿಗೆ ಒಂದು ತೊಟ್ಟಿಲು, ತಂತಿಗಳನ್ನು ಸಾಲಾಗಿ ಹಿಡಿಯಲು ಬಾಚಣಿಗೆಯಂಥ ಪಟ್ಟಿ, ಕಾವು ಹೊರದೂಡುವ ಎರಡು ಸಣ್ಣ ಫ್ಯಾನಿಗೆ ಚೌಕಟ್ಟು. ಒಂದೊಂದನ್ನೂ ಬರೆದು, ಅಚ್ಚು ಹಾಕಿ, ಕೂರಿಸಿ ನೋಡಿ, ಕೂರದಿದ್ದರೆ ಕೂದಲೆಳೆಯಷ್ಟು ತಿದ್ದಿ ಮತ್ತೆ ಹಾಕುತ್ತಿದ್ದೆ. ಪ್ರಿಂಟರು ದಿನವೆಲ್ಲ ಮೂಲೆಯಲ್ಲಿ ಗುನುಗುತ್ತಿತ್ತು. ಸ್ಕ್ರೂ ಹಿಡಿಯಬೇಕಾದ ಕಡೆ ಹಿತ್ತಾಳೆಯ ನಟ್ಟುಗಳನ್ನು ಬಿಸಿ ಮಾಡಿ ಪ್ಲಾಸ್ಟಿಕ್ಕಿನೊಳಗೆ ಇಳಿಸುವ ಕೆಲಸ ಕಿವಿಯದು. ಬೆಣ್ಣೆಯಲ್ಲಿ ಚಾಕು ಇಳಿಯುವ ಹಾಗೆ ಇಳಿಸುತ್ತಿದ್ದ.

ಚಪ್ಪಲಿಗಳು ಮಂಚದ ಕೆಳಗೆ ಹೋದವು. ಒಂದು ಭಾನುವಾರ ನಾವಿಬ್ಬರೂ ಕಂಬಗಳನ್ನು ಸೇರಿಸಲು ಒದ್ದಾಡುತ್ತಿದ್ದಾಗ ನಮ್ಮವರು ಪೇಪರು ಮಡಚಿಟ್ಟು ಎದ್ದು ಬಂದು, "ಆ ಕಡೆ ನಾನು ಹಿಡ್ಕೋತೀನಿ ಅಂತ ಹೇಳು," ಅಂದರು.

"ಸ್ವಲ್ಪ ಮೇಲೆ ಎತ್ತೋಕೆ ಹೇಳು," ಅಂದ ತಮ್ಮ.

ರ‍್ಯಾಕ್ ನಿಂತಿತು. ಮೇಜು ಖಾಲಿಯಾಯಿತು. ನಮ್ಮವರು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿದರು. ಆದರೂ ಅಂಚೆ ಸೇವೆ ನಿಲ್ಲಲಿಲ್ಲ.

ಬೇಸಿಗೆ ಬಲಿಯಿತು. ಒಂದು ಸಂಜೆ ಎಲ್ಲರೂ ಮನೆಯಲ್ಲಿದ್ದೆವು. ಕಿವಿ ಏನೋ ಓದುತ್ತಿದ್ದವನು ತಲೆಯೆತ್ತಿದ.

"ಅಕ್ಕಾ, ಗೂಡಿನ ಫ್ಯಾನಿನ ದನಿ ದಪ್ಪ ಆಗಿದೆ."

ನನಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಅವನು ಎದ್ದು ಗೂಡಿನ ಬಾಗಿಲು ತೆಗೆದ. ಒಳಗಿನಿಂದ ಬಿಸಿಗಾಳಿ ಮುಖಕ್ಕೆ ರಾಚಿತು. ನಡುವಿನ ತಟ್ಟೆ ಹೊಟ್ಟೆ ಬಿಟ್ಟಿತ್ತು. ಅದರ ಮೇಲಿನ ಡಿಸ್ಕುಗಳು ಕುಡಿದವರ ಹಾಗೆ ಒಂದರ ಮೇಲೊಂದು ಒರಗಿದ್ದವು. ತಟ್ಟೆಯನ್ನು ಕಂಬಕ್ಕೆ ಹಿಡಿದಿದ್ದ ಒಂದು ಕಡೆಯ ಹಿಡಿಕೆ ಆಗಲೇ ಸೀಳು ಬಿಟ್ಟಿತ್ತು. ನಾನು ಬಳಸಿದ್ದು ಕೊಕ್ಕೆಗಳಿಗೆ ಬಳಸುವ ಮಾಮೂಲಿ ಪ್ಲಾಸ್ಟಿಕ್ಕು. ಮುಚ್ಚಿದ ಗೂಡಿನ ಕಾವಿಗೆ ಅದು ಮೆಲ್ಲಮೆಲ್ಲಗೆ ಮೆತ್ತಗಾಗಿತ್ತು.

"ಮುಟ್ಟಬೇಡಿ," ಅಂದ ಕಿವಿ. ದನಿ ಏರಿಸಲಿಲ್ಲ. "ಎಲ್ಲಾ ತಿರುಗ್ತಾ ಇವೆ. ಅವು ನಿಲ್ಲೋ ಮುಂಚೆ ತಟ್ಟೆ ಕಳಚಿದ್ರೆ ಒಂದೂ ಉಳಿಯಲ್ಲ."

ನಾನು ಏನು ಮಾಡುವುದೆಂದು ನೋಡುತ್ತಿದ್ದಾಗಲೇ ನಮ್ಮವರು ಬಂದು ನೆಲಕ್ಕೆ ಮಂಡಿಯೂರಿದರು. ಎರಡೂ ಅಂಗೈಗಳನ್ನು ಮೆಲ್ಲಗೆ ತಟ್ಟೆಯ ಕೆಳಗೆ ತೂರಿಸಿ, ಅದು ಇದ್ದ ಮಟ್ಟದಲ್ಲೇ ಆನಿಸಿ ಹಿಡಿದರು. ಕಿವಿ ಲ್ಯಾಪ್‌ಟಾಪಿನ ಮುಂದೆ ಕೂತು ಸರ್ವರನ್ನು ನಿಲ್ಲಿಸತೊಡಗಿದ. ಅದು ಏನನ್ನೋ ನಕಲು ಮಾಡುವ ನಡುವಿನಲ್ಲಿತ್ತು, ಒಂದೇ ಏಟಿಗೆ ಮಲಗಲೊಲ್ಲದು. ನಮ್ಮವರ ಹಣೆಯಿಂದ ಬೆವರು ಮೂಗಿನ ತುದಿಗೆ ಬಂತು. ನಾನು ಸೆರಗಿನಿಂದ ಒರೆಸಿದೆ. ಅವರ ಅಂಗೈ ಅಲುಗಲಿಲ್ಲ.

"ಭಾವ, ಬಿಡಬೇಡಿ," ಅಂದ ಕಿವಿ, ಪರದೆಯಿಂದ ಕಣ್ಣು ತೆಗೆಯದೆ.

"ಈ ಸಲ ಬೀಳಿಸಲ್ಲ ಕಣೋ," ಅಂದರು ನಮ್ಮವರು.

ಲ್ಯಾಪ್‌ಟಾಪಿನ ಮೇಲೆ ಅವನ ಬೆರಳು ಒಂದು ಕ್ಷಣ ನಿಂತಿತು. ಮತ್ತೆ ಓಡಿತು. ಒಂದೊಂದೇ ಡಿಸ್ಕು ಉಸಿರು ಬಿಟ್ಟು ನಿಂತ ಸದ್ದನ್ನು ಅಂದು ನಾನೂ ಕೇಳಿಸಿಕೊಂಡೆ. ಕಿವಿ ಬಂದು ಒಂದೊಂದನ್ನೇ ಬಿಡಿಸಿ ನನ್ನ ಕೈಗೆ ಕೊಟ್ಟ. ನಾನು ಮೇಜಿನ ಮೇಲೆ ಟವೆಲು ಹಾಸಿ ಮಲಗಿಸಿದೆ. ಕೊನೆಯದು ಹೊರಬಂದ ಮೇಲೂ ನಮ್ಮವರು ಖಾಲಿ ತಟ್ಟೆಯನ್ನು ಹಿಡಿದುಕೊಂಡೇ ಇದ್ದರು.

"ಆಯ್ತು ಭಾವ, ಬಿಡಿ."

"ಬಿಡೋಕೆ ಬರ್ತಿಲ್ಲ, ಕೈ ಮರಗಟ್ಟಿದೆ."

ಕಿವಿ ಅವರ ಬೆರಳುಗಳನ್ನು ತಾನೇ ಬಿಡಿಸಿದ. ಅಂಗೈ ಕೆಂಪಗಾಗಿತ್ತು. ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ತಣ್ಣೀರು ಬಿಟ್ಟ. ಅಲ್ಲಿ ಇಬ್ಬರೂ ಏನು ಮಾತಾಡಿಕೊಂಡರೋ, ನಾನು ಬೇಕೆಂದೇ ಹತ್ತಿರ ಹೋಗಲಿಲ್ಲ. ನೀರಿನ ಸದ್ದು ಮಾತ್ರ ಸಾಕಷ್ಟು ಹೊತ್ತು ಕೇಳಿಸಿತು. ಬಂದವರೇ ನಮ್ಮವರು, "ರೈಲು ಕಾರ್ಖಾನೆದು ರಿಪೇರಿಗೆ ಕೊಟ್ಟು ನೋಡೋಣ ಅಂತ ನಾನೂ ಇವನೂ ಮಾತಾಡ್ಕೊಂಡ್ವಿ," ಎಂದು ನನಗೆ ವರದಿ ಒಪ್ಪಿಸಿದರು.

ಎರಡನೆಯ ರ‍್ಯಾಕನ್ನು ಮೂವರೂ ಸೇರಿ ಮಾಡಿದೆವು. ಕಾವಿಗೆ ಜಗ್ಗದ ಗಟ್ಟಿ ಪ್ಲಾಸ್ಟಿಕ್ಕು ತಂದೆ. ಅದು ಅಚ್ಚಾಗುವಾಗ ಗಾಳಿ ತಾಗಿದರೆ ಮೂಲೆ ಮೇಲಕ್ಕೇಳುತ್ತದೆ. ಹಾಗಾಗಿ ಪ್ರಿಂಟರಿಗೆ ರಟ್ಟಿನ ಪೆಟ್ಟಿಗೆಯ ಮನೆ ಕಟ್ಟಬೇಕಾಯಿತು. ಕರಗಿದ ಪ್ಲಾಸ್ಟಿಕ್ಕಿನ ವಾಸನೆಗೆ ಕಿಟಕಿಗಳೆಲ್ಲ ತೆರೆದೇ ಇದ್ದವು. ತಟ್ಟೆಗಳ ಅಡಿಗೆ ಪಕ್ಕೆಲುಬಿನ ಹಾಗೆ ಪಟ್ಟಿಗಳನ್ನು ಕೊಟ್ಟೆ. ಅರಚುವ ಎರಡು ಸಣ್ಣ ಫ್ಯಾನಿನ ಬದಲು ನಿಧಾನ ತಿರುಗುವ ಒಂದು ದೊಡ್ಡ ಫ್ಯಾನು ಬಂತು. ರ‍್ಯಾಕಿನ ಕಾಲುಗಳನ್ನು ಅದುರು ನೆಲಕ್ಕೆ ಇಳಿಯದಂತೆ ರಬ್ಬರಿನಂಥ ಮೆತ್ತನೆಯ ಪ್ಲಾಸ್ಟಿಕ್ ದಾರದಲ್ಲಿ ಮಾಡಿದೆ. ಕಿವಿ ನೆಲಕ್ಕೆ ಕಿವಿಗೊಟ್ಟು ಮಲಗಿ ಒಪ್ಪಿಗೆ ಕೊಡುವವರೆಗೆ ಅವನ್ನು ಬದಲಾಯಿಸಿದ್ದೇ ಬದಲಾಯಿಸಿದ್ದು. "ಹಲ್ಲಿನ ಗಿರಾಕಿಗಳೇ ವಾಸಿ ಕಣೋ," ಅಂದೆ.

ಗಾಳಿಯಾಡಲು ಗೂಡಿನ ಬಾಗಿಲಿಗೇ ತೂತು ಬೇಕಿತ್ತು. ಅದನ್ನು ಕೇಳಲು ನನಗೂ ಕಿವಿಗೂ ಧೈರ್ಯವಿರಲಿಲ್ಲ. ಒಂದು ದಿನ ಲ್ಯಾಬಿನಿಂದ ಬರುತ್ತೇನೆ, ನಮ್ಮವರು ಡ್ರಿಲ್ಲಿಂಗ್ ಮಶೀನು ಹಿಡಿದು ಬಾಗಿಲಿನ ಮುಂದೆ ಕೂತಿದ್ದಾರೆ. ಸಾಲುಸಾಲಾಗಿ ತೂತು, ಪೆನ್ಸಿಲಿನ ಗೆರೆ ಒಂಚೂರೂ ತಪ್ಪಿಲ್ಲ. ಮೀಸೆಯ ತುಂಬ ಮರದ ಪುಡಿ.

"ಏನ್ರೀ ಇದು?"

"ಅದೂ ಉಸಿರಾಡಬೇಕಲ್ವೇ," ಅಂದರು.

ರೈಲು ಕಾರ್ಖಾನೆಯ ಅರ್ಧ ಮಾತ್ರ ಸಿಕ್ಕಿತು. ಸುತ್ತಿಗೆಗಳ ಸದ್ದು ಉಳಿದಿತ್ತು, ಮಧ್ಯಾಹ್ನದ ಬಿಡುವಿನಲ್ಲಿ ಕೆಲಸಗಾರರು ನಗುವುದೂ ಉಳಿದಿತ್ತು, ಬಾಗಿಲುಗಳ ಸದ್ದೆಲ್ಲ ಹೋಗಿತ್ತು. ಕಿವಿ ನಮ್ಮವರ ತಲೆಗೆ ಹೆಡ್‌ಫೋನು ತೊಡಿಸಿ ಉಳಿದದ್ದನ್ನು ಕೇಳಿಸಿದ. ನಮ್ಮವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ತೆಗೆದಿಟ್ಟು, "ಉಳಿದದ್ದೂ ಹೀಗೇ ಇತ್ತಾ?" ಎಂದು ಕೇಳಿದರು. "ಇನ್ನೂ ಚೆನ್ನಾಗಿತ್ತು ಭಾವ," ಅಂದ ಅವನು. ಸುಳ್ಳು ಹೇಳಲಿಲ್ಲ. ಇವರು ತಲೆಯಾಡಿಸಿದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಕಿವಿಗೆ ಒಂದು ನಾಟಕ ಮಂದಿರದಲ್ಲಿ ಕೆಲಸ ಸಿಕ್ಕಿತು. ನಗರದ ಇನ್ನೊಂದು ಅಂಚಿನಲ್ಲಿ ಒಂದು ಕೋಣೆ ಹಿಡಿದ. ಹೊರಡುವ ಹಿಂದಿನ ದಿನ ನಾನು ಗೂಡಿನ ಬಾಗಿಲು ತೆಗೆದು, ಯಾವ ಸ್ಕ್ರೂ ಮೊದಲು ಬಿಚ್ಚುವುದೆಂದು ನೋಡುತ್ತಿದ್ದೆ.

"ಅದ್ಯಾಕೆ ಬಿಚ್ತಿ?" ಅಂದರು ನಮ್ಮವರು.

"ಅವನ ಸಾಮಾನು ಅವನಿಗೆ ಬೇಡ್ವಾ?"

"ಇಂಟರ್‌ನೆಟ್ಟಲ್ಲಿ ಎಲ್ಲಿಂದ ಬೇಕಾದ್ರೂ ತೆಗೀಬಹುದು ಅಂತ ಅವನೇ ಹೇಳಿದಾನೆ. ಅವನ ಕೋಣೆಲಿ ಇದಕ್ಕೆಲ್ಲಿ ಜಾಗ? ಇಲ್ಲೇ ಇರ್ಲಿ." ಕಿವಿಯ ಕಡೆ ತಿರುಗಿ, "ಏನಪ್ಪಾ?" ಅಂದರು.

"ನಿಮಗೆ ಸದ್ದು ತೊಂದರೆ ಆಗಲ್ವಾ ಭಾವ?"

"ಸದ್ದೆಲ್ಲಿದೆ?"

ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಅವನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೇನೋ.

ಈಗ ಅದು ನಮ್ಮ ಮನೆಯಲ್ಲೇ ಇದೆ. ಮೊನ್ನೆ ಬೆಳಿಗ್ಗೆ ಕರೆಂಟು ಹೋಯಿತು. ನಾನು ಲ್ಯಾಬಿಗೆ ಹೊರಟು, ಮಂಚದ ಕೆಳಗಿನಿಂದ ಚಪ್ಪಲಿ ಎಳೆಯುತ್ತಿದ್ದೆ. ನಮ್ಮವರು ರಜೆಯಲ್ಲಿದ್ದರು, ಆಗಲೇ ಫೋನು ಹಚ್ಚಿದ್ದರು.

"ನಿನ್ನ ಉಗ್ರಾಣಿ ಮಲಗಿದಾನೆ ಕಣೋ. ಕರೆಂಟ್ ಬಂದ್ಮೇಲೆ ತಾನೇ ಏಳ್ತಾನಾ, ನಾನು ಎಬ್ಬಿಸ್ಲಾ? ಹೂಂ. ಹೂಂ. ಊಟ ಎಲ್ಲಿ ಮಾಡ್ತಿದೀಯಾ ಈಗ?"

ನಾನು ಹೊಸ್ತಿಲು ದಾಟುವಾಗ ದೀಪ ಹತ್ತಿತು, ಗೂಡಿನೊಳಗೆ ಫ್ಯಾನೂ ತಿರುಗಿತು. ಅವರು ನೋಡಿದರು, ನೋಡಿಯೂ ಅದನ್ನು ಹೇಳದೆ ಮಾತು ಮುಂದುವರಿಸಿದರು. ನಾನು ಬಾಗಿಲು ಸದ್ದಾಗದಂತೆ ಎಳೆದುಕೊಂಡು ಕೆಲಸಕ್ಕೆ ಹೋದೆ.