ಲಾಗ್ ಇಲ್ಲದ ನಲವತ್ತು ನಿಮಿಷ

ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿ ನಾವಿಬ್ಬರೇ: ಮೂರು ತಿಂಗಳ ಹಿಂದೆ ಸೇರಿದ ನಾನು, ಎಲ್ಲರೂ ಮೇಸ್ತ್ರಿ ಎಂದು ಕರೆಯುವ ಹಿರಿಯರು. ರೋಗಿಗಳ ದಾಖಲೆಗಳೆಲ್ಲ ಇರುವ ಡೇಟಾಬೇಸ್ ಹೇಗೆ ದುಡಿಯುತ್ತದೆಂದು ಮೊದಲ ದಿನವೇ ಅವರು ಹೇಳಿಕೊಟ್ಟಿದ್ದರು. ವಾರ್ಡಿನಿಂದ ಬಂದ ಪ್ರಶ್ನೆಯನ್ನು ಅದರ ಒಂದು ಭಾಗವು ಓದಿ, ಯಾವ ದಾರಿ ಹತ್ತಿರವೆಂದು ಗೊತ್ತುಮಾಡುತ್ತದೆ. ಬೇಕಾದ ಪುಟ ಮೆಮೊರಿಗೆ ಬರುತ್ತದೆ. ಒಬ್ಬರು ತಿದ್ದುವಾಗ ಇನ್ನೊಬ್ಬರು ಕೈ ಹಾಕದಂತೆ ಬೀಗ ಬೀಳುತ್ತದೆ. ತಿದ್ದಿದ್ದು ಡಿಸ್ಕಿನ ಕಡತಕ್ಕೆ ಇಳಿಯುವುದು ನಿಧಾನಕ್ಕೆ. ಆದರೆ ಅದಕ್ಕೂ ಮೊದಲು, ಏನು ಬದಲಾಯಿತೆಂದು ಡಿಸ್ಕಿನಲ್ಲೇ ಬರೆದಿಡುವ ಲಾಗ್‌ನಲ್ಲಿ ಒಂದು ಸಾಲು ಬೀಳಲೇಬೇಕು. ಕರೆಂಟು ಹೋದರೂ ಆ ಸಾಲುಗಳನ್ನು ಓದಿಕೊಂಡು ಎಲ್ಲವನ್ನೂ ಮತ್ತೆ ಕಟ್ಟಬಹುದು.

ಕಳೆದ ವಾರ ವಾರ್ಡಿನವರು, "ನಿಮ್ಮ ಸರ್ವರ್‌ಗಿಂತ ಬಸವನಹುಳು ವಾಸಿ" ಎಂದು ಆಡಿಕೊಂಡರು. ಮೇಸ್ತ್ರಿಗೆ ರೋಷ ಬಂತು. ಡಿಸ್ಕಿಗೆ ಬರೆಯುವ ಹೊತ್ತು ಉಳಿಯಲೆಂದು ಲಾಗನ್ನು ಅಲ್ಲಿಂದ ಎತ್ತಿ ಮೆಮೊರಿಯಲ್ಲೇ ಇಟ್ಟರು.

"ನೋಡಮ್ಮ ಮೌನಗೌರಿ, ಈಗ ಹೆಂಗೆ ಓಡುತ್ತೆ!"

ಮೆಮೊರಿಯಲ್ಲಿದ್ದದ್ದು ಕರೆಂಟಿನ ಜೊತೆಗೇ ಹೋಗುತ್ತೆ ಸಾರ್ ಎಂಬ ಮಾತನ್ನು ಅವರಿಗೆ ಹೇಳಲಿಲ್ಲ. ಮನೆಗೆ ಹೋಗಿ ಡೈರಿಯಲ್ಲಿ ಬರೆದೆ.

ಇವತ್ತು ಹನ್ನೆರಡಕ್ಕೆ ಇದೇ ಆಸ್ಪತ್ರೆಯಲ್ಲಿ ನನ್ನ ಅಕ್ಕನ ಆಪರೇಷನ್. ಹತ್ತೂವರೆಗೆ ನರ್ಸ್ ನನ್ನೆದುರೇ ಅವಳ ದಾಖಲೆಯಲ್ಲಿ ಟೈಪ್ ಮಾಡಿದರು: ಪೆನಿಸಿಲಿನ್ ಒಗ್ಗುವುದಿಲ್ಲ. 'ಉಳಿಸಲಾಗಿದೆ' ಎಂದು ಬಂತು.

"ನಿಮ್ಮ ತಂಗಿ ಮಾತೇ ಆಡಲ್ವಾ?" ಎಂದು ನರ್ಸ್ ಅಕ್ಕನನ್ನು ಕೇಳಿದರು.

"ಅಯ್ಯೋ, ಮನೇಲಿ ಬಾಯಿ ಮುಚ್ಚಿಸೋಕಾಗಲ್ಲ" ಎಂದು ಅಕ್ಕ ಹಸಿ ಸುಳ್ಳು ಹೇಳಿ ನಕ್ಕಳು.

ಹನ್ನೊಂದಕ್ಕೆ ಕರೆಂಟು ಹೋಯಿತು. ಬ್ಯಾಟರಿಯೂ ಕೈಕೊಟ್ಟಿತು. ಅರ್ಧ ಗಂಟೆ ಹೆಣಗಿ ಸರ್ವರ್ ಎಬ್ಬಿಸಿದೆವು.

"ಎದ್ದಿತು ನೋಡು ನಮ್ಮ ಹುಲಿ" ಎಂದರು ಮೇಸ್ತ್ರಿ.

ನಾನು ಅಕ್ಕನ ದಾಖಲೆ ತೆಗೆದೆ. ಅಲರ್ಜಿ: ಯಾವುದೂ ಇಲ್ಲ.

"ಸಾರ್, ಕಡೇ ಸಲ ಡಿಸ್ಕಿಗೆ ಇಳಿದದ್ದು ಹತ್ತು ಇಪ್ಪತ್ತಕ್ಕೆ. ಆಮೇಲಿನದ್ದು ಒಂದೂ ಇಲ್ಲ."

ಅವರು ಬಾಗಿಲ ಕಡೆ ನೋಡಿದರು. "ಮೆಲ್ಲಗೆ ಮಾತಾಡು. ಸಂಜೆ ಕೂತು ಸರಿ ಮಾಡೋಣ."

"ಎಲ್ಲಿಂದ ಸರಿ ಮಾಡ್ತೀರಿ? ಲಾಗೇ ಇಲ್ವಲ್ಲ!"

ಅಷ್ಟು ಜೋರಾಗಿ ಕೂಗಿದ್ದು ನಾನೇ. ಆಪರೇಷನ್ ಕೋಣೆಗೆ ಫೋನ್ ಮಾಡಿ ಅಕ್ಕನ ವಿಷಯ ಹೇಳಿದೆ. ಆ ಕಡೆಯವರು, "ಅದೇ ಇಂಜೆಕ್ಷನ್ ಸಿರಿಂಜಿಗೆ ಎಳೆದಿಟ್ಟಿದ್ದೆ ಕಣಮ್ಮಾ, ಚೆಲ್ತೀನಿ" ಎಂದರು. ಫೋನಿಟ್ಟು ಮತ್ತೆ ಅದಕ್ಕೇ ಕೈ ಚಾಚಿದೆ.

"ಅಕ್ಕ ಉಳಿದಳಲ್ಲ, ಇಲ್ಲಿಗೆ ಬಿಡು ತಾಯಿ" ಎಂದು ಮೇಸ್ತ್ರಿ ಫೋನಿನ ಮೇಲೆ ಕೈಯಿಟ್ಟರು.

ಹದಿನಾಲ್ಕು ವಾರ್ಡು, ನಲವತ್ತು ನಿಮಿಷ. ಯಾರು ಏನು ಟೈಪ್ ಮಾಡಿದ್ದರೆಂದು ನಮ್ಮಿಬ್ಬರಿಗೂ ಗೊತ್ತಿಲ್ಲ. ಅದು ಅಳಿಸಿಹೋಗಿದೆಯೆಂದು ವಾರ್ಡಿನವರಿಗೂ ಗೊತ್ತಿಲ್ಲ. ಮೇಸ್ತ್ರಿಯ ಕೈ ಸರಿಸಿ ಮಕ್ಕಳ ವಾರ್ಡಿನ ನಂಬರು ಒತ್ತಿದೆ.

"ಕಂಪ್ಯೂಟರ್ ನೋಡಿ ಯಾವ ಔಷಧಿಯನ್ನೂ ಕೊಡಬೇಡಿ ಮೇಡಂ. ಬೆಳಗಿನದ್ದು ಅಳಿಸಿಹೋಗಿದೆ."

"ಈಗ ತಾನೇ ಒಂದು ಮಗುವಿಗೆ ಕೊಟ್ಟೆನಲ್ಲಮ್ಮಾ" ಎಂದಿತು ಆ ಕಡೆಯ ದನಿ. "ಕಂಪ್ಯೂಟರಿನಲ್ಲಿ ಎರಡೆರಡು ಸಲ ನೋಡಿಕೊಂಡೇ ಕೊಟ್ಟೆ. ಯಾಕೆ?"