ಪೊರಕೆ ಗಾಳಿ ಮತ್ತು ಕೈರೋದ ಹುಡುಗ

ನನ್ನ ತಮ್ಮ ಫಿಕ್ರಿಗೆ ಅಲೆಕ್ಸಾಂಡ್ರಿಯಾದ ಸಮುದ್ರ ಅಪ್ಪನಿಂದ ಬಂದ ಆಸ್ತಿ ಎಂಬ ಭಾವನೆ. ಹಳೇ ಬಂದರಿನ ಹತ್ತಿರ ಬಲೆ, ಗಾಳ, ಹುರಿ ಮಾರುವ ಅಂಗಡಿ ಇಟ್ಟುಕೊಂಡಿದ್ದಾನೆ. ಚಳಿಗಾಲದಲ್ಲಿ ನಮ್ಮೂರಿಗೆ ಬರುವ ಬಿರುಗಾಳಿಗಳಿಗೆಲ್ಲ ಒಂದೊಂದು ಹೆಸರಿದೆ, ಒಂದೊಂದು ತಾರೀಖಿದೆ. ಮಕ್ಕಳು ಹುಟ್ಟಿದ ದಿನ ಮರೆತರೂ ನಮ್ಮವರು ಆ ತಾರೀಖುಗಳನ್ನು ಮರೆಯುವುದಿಲ್ಲ. ನವೆಂಬರಿನಲ್ಲಿ ಬಂದು ಬೀದಿಗಳನ್ನೆಲ್ಲ ಗುಡಿಸಿ ತೊಳೆದು ಹೋಗುವ ಮೊದಲ ಗಾಳಿಗೆ ಪೊರಕೆ ಎಂದು ಹೆಸರು. ಅದು ಬರುವ ದಿನದ ವಿಷಯದಲ್ಲಿ ಇಡೀ ಕೇರಿಗೆ ಫಿಕ್ರಿ ಹೇಳಿದ್ದೇ ಹೇಳಿದ್ದು.

ಅವನಿಗೆ ಆಗದ ಊರೆಂದರೆ ಕೈರೋ.

"ಅವರಿಗೆ ಸಮುದ್ರ ಅಂದ್ರೆ ಕಲ್ಲಂಗಡಿ ತಿಂದು ಸಿಪ್ಪೆ ಎಸೆಯೋ ಜಾಗ. ಬೇಸಿಗೇಲಿ ಬರ್ತಾರೆ, ಗಾಳಿ ಬೀಸಿದ್ರೆ ಬಾಲ ಮುದುರ್ಕೊಂಡು ಓಡ್ತಾರೆ," ಎನ್ನುತ್ತಿದ್ದ.

ಅಂಥವನ ಒಬ್ಬಳೇ ಮಗಳು ಲುಬ್ನಾ ಮೆಚ್ಚಿದ್ದು ಕೈರೋದ ಹುಡುಗನನ್ನು! ತಾಯಿಯಿಲ್ಲದ ಕೂಸು, ನನ್ನ ಮಡಿಲಲ್ಲೇ ಬೆಳೆದವಳು. ವಾರಗಟ್ಟಲೆ ಅಪ್ಪ ಮಗಳು ಮುಖ ಕೊಟ್ಟು ಮಾತಾಡಲಿಲ್ಲ. ಮೀನಿನ ಸಾರು ಕೂಡ ಆ ಮನೆಯಲ್ಲಿ ಸಪ್ಪೆ ಅನ್ನಿಸತೊಡಗಿತ್ತು. ನಾನು ಮಧ್ಯೆ ಬಿದ್ದು ಗದರಿದ ಮೇಲೆ ಫಿಕ್ರಿ ಸ್ವಲ್ಪ ಮೆತ್ತಗಾದ.

"ಶುಕ್ರವಾರ ಬರ್ಲಿ. ಊರು ಸುತ್ತಿಸ್ತೀನಿ. ಸಂಜೆಯೊಳಗೆ ಹ್ಞೂಂ ಅಥವಾ ಉಹ್ಞೂಂ. ಉಹ್ಞೂಂ ಅಂದ್ರೆ ಆ ಹೆಸರು ಮತ್ತೆ ಈ ಮನೇಲಿ ಎತ್ತಬಾರದು."

ಲುಬ್ನಾ ಒಪ್ಪಿಕೊಂಡಳು. ಒಪ್ಪಿ, ಒಳಗೆ ಬಂದು ನನ್ನ ಹೆಗಲ ಮೇಲೆ ಅತ್ತಳು.

ಹುಡುಗ ಹಾತಿಮ್ ರೈಲಿನಿಂದ ಇಳಿದಾಗ ಬಿಸಿಲು ಹೊಳೆಯುತ್ತಿತ್ತು. ಅವನ ಕಂಕುಳಲ್ಲಿ ಮಾರುದ್ದದ ಕಪ್ಪು ಛತ್ರಿ.

"ಇದೇನಪ್ಪ, ಕತ್ತೆ ಹೊಡೆಯೋಕಾ?" ಫಿಕ್ರಿ ಶುರುಮಾಡಿದ.

"ಸಂಜೆ ಮಳೆ ಅಂತ ಫೋನಲ್ಲಿ ತೋರಿಸ್ತಿದೆ, ಸಾರ್."

"ಪೊರಕೆ ಬರೋದು ನಾಡಿದ್ದು. ನಿನ್ನ ಫೋನು ಯಾವ ಊರಲ್ಲಿ ಹುಟ್ಟಿದ್ದು?"

ಲುಬ್ನಾ ಆ ಛತ್ರಿಯನ್ನು ಕಣ್ಣಲ್ಲೇ ಸುಟ್ಟುಬಿಡುವಂತೆ ನೋಡಿದಳು.

ಕುದುರೆ ಗಾಡಿ ಹತ್ತಿ ತೀರದ ಉದ್ದಕ್ಕೂ ಕೋಟೆಗೆ ಹೋದೆವು. ಮೇಲಿನ ಗೋಡೆಯ ಬಳಿ ನಿಂತು ಹಾತಿಮ್ ಸುತ್ತ ನೋಡಿ ಕೇಳಿದ, "ಆ ಲೋಕಪ್ರಸಿದ್ಧ ಹಳೇ ದೀಪಸ್ತಂಭ ಎಲ್ಲಿ ಸಾರ್?"

"ಅದು ಬಿದ್ದು ಶತಮಾನಗಳಾಯ್ತು. ಅದಿದ್ದ ಜಾಗದಲ್ಲೇ ನೀನು ನಿಂತಿರೋದು. ಸುದ್ದಿ ಇನ್ನೂ ಕೈರೋಗೆ ಮುಟ್ಟಿಲ್ವಾ?"

"ರೈಲು ತಡ ಆಯ್ತೇನೋ, ಸಾರ್."

ನಾನು ಕಿಸಕ್ಕನೆ ನಕ್ಕುಬಿಟ್ಟೆ. ಫಿಕ್ರಿಯ ಮೀಸೆಯೂ ಒಮ್ಮೆ ಅಲುಗಿತು. ಆದರೆ ಅವನು ತಕ್ಷಣ ಕೆಮ್ಮಿ ಅದನ್ನು ಸರಿಮಾಡಿಕೊಂಡ.

ಊಟಕ್ಕೆ ಕುಳಿತಾಗ ಹುಡುಗನಿಗೆ ಮೀನಿನ ಮುಳ್ಳು ಬಿಡಿಸಲು ಬರುವುದಿಲ್ಲವೆಂಬುದು ಗೊತ್ತಾಯಿತು. ಲುಬ್ನಾ ಮೇಜಿನ ಈಚೆಯಿಂದ ಕಳ್ಳತನದಲ್ಲಿ ಬಿಡಿಸಿಕೊಡುತ್ತಿದ್ದಳು. ಫಿಕ್ರಿ ಕಂಡೂ ಕಾಣದವನಂತೆ ನಿಂಬೆಹಣ್ಣು ಹಿಂಡುತ್ತಿದ್ದ, ಪಾಪ ಆ ನಿಂಬೆಹಣ್ಣಿನಲ್ಲಿ ರಸವೇ ಉಳಿದಿರಲಿಲ್ಲ. ಆಮೇಲೆ ಚಳಿಗಾಳಿಯಲ್ಲಿ ಐಸ್‌ಕ್ರೀಂ ತಿನ್ನುತ್ತ ನಡೆದೆವು. ಐಸ್‌ಕ್ರೀಮಿಗೆ ರುಚಿ ಬರುವುದೇ ಆಗ. ಹುಡುಗನ ಹಲ್ಲು ಕಟಕಟ ಎಂದರೂ ಕೊನೆಯ ಚೂರಿನವರೆಗೆ ತಿಂದ. ಇಷ್ಟಾದರೂ ಫಿಕ್ರಿಯ ಬಾಯಲ್ಲಿ ಹ್ಞೂಂ ಇಲ್ಲ, ಉಹ್ಞೂಂ ಇಲ್ಲ.

ಸಂಜೆ ತೀರದ ಕಲ್ಲುಗೋಡೆಯ ಮೇಲೆ ಕುಳಿತು, ಕಾಗದದ ಪೊಟ್ಟಣದಲ್ಲಿ ಉಪ್ಪು ಹಾಕಿದ ಹಳದಿ ಕಾಳು ತಿನ್ನುತ್ತಿದ್ದೆವು. ಗಾಳಿಪಟ ಹಾರಿಸುತ್ತಿದ್ದವರು ಒಬ್ಬೊಬ್ಬರೇ ದಾರ ಸುತ್ತತೊಡಗಿದರು. ಸಮುದ್ರದ ಬಣ್ಣ ಸೀಸದಂತಾಯಿತು. ನನ್ನ ಮೂಗಿನ ಮೇಲೆ ಒಂದು ಹನಿ ಬಿತ್ತು.

"ಫಿಕ್ರಿ, ಮಳೆ ಕಣೋ," ಎಂದೆ.

"ಅಲೆಯ ಹನಿ ಅಕ್ಕ."

ಇನ್ನೊಂದು ಬಿತ್ತು. ಆಮೇಲೆ ಆಕಾಶವೇ ಹರಿದಂತೆ ಸುರಿಯಿತು. ಜನ ಚೆಲ್ಲಾಪಿಲ್ಲಿಯಾಗಿ ಅಂಗಡಿಗಳ ಸೂರಿನ ಕೆಳಗೆ ಓಡಿದರು. ಎದುರಿನ ಚಹಾದಂಗಡಿಯವನು ಬಾಗಿಲಲ್ಲಿ ನಿಂತು, "ಫಿಕ್ರಿಯಣ್ಣ, ನಿನ್ನ ಪೊರಕೆಗೆ ತಾರೀಖು ಮರೆತೋಯ್ತಾ?" ಎಂದು ಕೂಗಿದ. ಒಳಗಿದ್ದವರೆಲ್ಲ ಗೊಳ್ಳೆಂದರು.

ನಾವು ಮೂವರು ಗೋಡೆಯಿಂದ ಇಳಿದು ನಿಂತೆವು, ಫಿಕ್ರಿ ಮಾತ್ರ ಏಳಲಿಲ್ಲ. ಎದ್ದರೆ ಸೋತಂತೆ. ಟೋಪಿಯ ಅಂಚಿನಿಂದ ನೀರು ಇಳಿಯುತ್ತಿದ್ದರೂ ಕಾಳು ಅಗಿಯುತ್ತ ಕುಳಿತ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹುಡುಗ ಈಗ "ನಾನು ಹೇಳಿರಲಿಲ್ವಾ" ಎಂದರೆ ಮುಗಿಯಿತು. ಅನ್ನದಿದ್ದರೂ, ಆ ಛತ್ರಿಯನ್ನು ಊರವರ ಮುಂದೆ ಫಿಕ್ರಿಯ ತಲೆ ಮೇಲೆ ಹಿಡಿದರೂ ಮುಗಿಯಿತು. ಲುಬ್ನಾ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಹಾತಿಮ್ ಛತ್ರಿ ಬಿಚ್ಚಿ ಫಿಕ್ರಿಯ ಕಡೆ ಒಂದು ಹೆಜ್ಜೆ ಇಟ್ಟ.

"ಅದ್ಯಾಕೆ?" ಫಿಕ್ರಿ ತಲೆಯೆತ್ತದೆ ಕೇಳಿದ. "ಮಳೆ ಎಲ್ಲಿದೆ?"

ಹುಡುಗ ಆಕಾಶ ನೋಡಿದ, ಚಹಾದಂಗಡಿ ನೋಡಿದ. ಛತ್ರಿಯನ್ನು ತಂದು ನನ್ನ ಕೈಗೆ ಕೊಟ್ಟ. ಹೋಗಿ ಗೋಡೆಯ ಮೇಲೆ ಫಿಕ್ರಿಯ ಪಕ್ಕದಲ್ಲೇ ಕುಳಿತುಕೊಂಡ.

"ಮಳೆ ಇಲ್ಲ ಸಾರ್," ಎಂದ ಗಟ್ಟಿಯಾಗಿ, ಎದುರಿನವರಿಗೂ ಕೇಳುವಂತೆ. "ಅಲೆ ಸ್ವಲ್ಪ ಜೋರಾಗಿದೆ."

ಫಿಕ್ರಿ ಅವನತ್ತ ತಿರುಗಿ ನೋಡಿದ. ಇಡೀ ದಿನದಲ್ಲಿ ಅವನು ಆ ಹುಡುಗನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ನೀರು ತುಂಬಿದ ಪೊಟ್ಟಣವನ್ನು ಮುಂದೆ ಚಾಚಿದ. ಹಾತಿಮ್ ಬೆರಳದ್ದಿ ಒಂದು ಕಾಳು ಹಿಡಿದು ಬಾಯಿಗೆ ಹಾಕಿಕೊಂಡ.

"ಉಪ್ಪು ಸರಿಯಾಗಿದ್ಯಾ?"

"ಸಾರಿನ ಥರ ಆಗಿದೆ ಸಾರ್. ಚಮಚ ಬೇಕು."

ಅಷ್ಟರಲ್ಲಿ ದೊಡ್ಡ ಅಲೆಯೊಂದು ಬಂದು ಗೋಡೆಗೆ ಬಡಿದು, ಇಬ್ಬರ ತಲೆಯ ಮೇಲೂ ಕೊಡಗಟ್ಟಲೆ ಸುರಿದು ಹೋಯಿತು. ಪೊಟ್ಟಣ ಹೋಯಿತು, ಟೋಪಿಯೂ ಹೋಯಿತು. ಫಿಕ್ರಿಯ ಬೋಳುತಲೆಯ ಮೇಲೆ ಒಂದೇ ಒಂದು ಕಾಳು ಅಂಟಿಕೊಂಡಿತ್ತು. ಹಾತಿಮ್ ಅದನ್ನು ನೋಡಿ ತುಟಿ ಕಚ್ಚಿಕೊಂಡ. ಫಿಕ್ರಿ ತಲೆ ಸವರಿ ಕಾಳನ್ನು ತೆಗೆದು, ಅದನ್ನೇ ನೋಡಿ ನಗತೊಡಗಿದ. ಅವನು ಹಾಗೆ ಹೊಟ್ಟೆ ಹಿಡಿದು ನಕ್ಕು ಎಷ್ಟು ಕಾಲವಾಗಿತ್ತೋ! ಹುಡುಗನೂ ನಕ್ಕ. ಇಬ್ಬರೂ ಒಬ್ಬರ ಹೆಗಲನ್ನೊಬ್ಬರು ಹಿಡಿದುಕೊಂಡು, ಜಾರುತ್ತ ಎಡವುತ್ತ ಗೋಡೆಯಿಂದ ಇಳಿದರು.

ಚಹಾದಂಗಡಿಯ ಬಾಗಿಲಲ್ಲಿ ನಿಂತವರು ಕಾಯುತ್ತಿದ್ದರು. "ಈಗಲಾದ್ರೂ ಒಪ್ಕೋ ಫಿಕ್ರಿಯಣ್ಣ, ಲೆಕ್ಕ ತಪ್ಪಿತು ಅಂತ!"

"ನನ್ನಪ್ಪ ಕಲಿಸಿದ ಲೆಕ್ಕ ತಪ್ಪೋದಾ?" ಫಿಕ್ರಿ ಅಂಗಿಯ ತುದಿ ಹಿಂಡುತ್ತ ಗರ್ಜಿಸಿದ. "ಪೊರಕೆ ನಾಡಿದ್ದೇ ಬರ್ಬೇಕಿತ್ತು. ಮನೆಗೆ ಅಳಿಯ ಬರ್ತಿದಾನೆ ಅಂತ ಗೊತ್ತಾಗಿ, ಬೀದಿ ಗುಡಿಸೋಕೆ ಮೊದಲೇ ಬಂದಿದೆ!"

ನನ್ನ ಕೈಯಲ್ಲಿದ್ದ ಲುಬ್ನಾಳ ಕೈ ಸಡಿಲವಾಯಿತು. ಅವಳು ಛತ್ರಿಯ ಕೆಳಗಿನಿಂದ ಮಳೆಗೇ ಓಡಿಹೋಗಿ ಅಪ್ಪನನ್ನು ತಬ್ಬಿಕೊಂಡಳು. ನಾನು ಛತ್ರಿ ಕೆಳಗಿಟ್ಟು, ನಾಲಿಗೆ ಹೊರಳಿಸಿ ಮದುವೆಮನೆಯ ಕೂಗು ಹಾಕಿದೆ. ಅಂಗಡಿಗಳ ಸೂರಿನ ಕೆಳಗೆ ನಿಂತಿದ್ದ ಹೆಂಗಸರೆಲ್ಲ, ಯಾರ ಮನೆ ಮದುವೆಯೆಂದೂ ಕೇಳದೆ, ನನ್ನ ಜೊತೆ ಕೂಗಿದರು.

"ಥ್ಯಾಂಕ್ಸ್ ಸಾರ್," ಎಂದ ಹಾತಿಮ್, ನಡುಗುತ್ತ.

"ಇನ್ನೂ ಸಾರ್ ಏನೋ ಸಾರ್?" ಎಂದ ಫಿಕ್ರಿ. "ಮಾವ ಅನ್ನು. ನಡಿ, ಮೀನು ತಿನ್ನೋದು ಹೇಗೆ ಅಂತ ಹೇಳ್ಕೊಡ್ತೀನಿ."